ಮಳೆ ಸುದ್ದಿ: ಯಾರ ಮಾತು ನಂಬಿ ಹೊಲಕ್ಕಿಳಿಯೋದು?

ವಾಟ್ಸಾಪ್‌ನಲ್ಲಿ ಬರುವ ‘ನಾಳೆ ಭಾರೀ ಮಳೆ’ ಸಂದೇಶಕ್ಕೆ ಎಷ್ಟೋ ಸಲ ತಾರೀಖೂ ಇರುವುದಿಲ್ಲ, ಹೇಳಿದ್ದು ಯಾರು ಅಂತಲೂ ಇರುವುದಿಲ್ಲ. ಅದನ್ನು ಬಿಟ್ಟುಬಿಡಿ.

ಆರಿಸಬೇಕಾದ್ದು ಇವೆರಡರಲ್ಲಿ. 1875ರಲ್ಲಿ ಶುರುವಾದ ಭಾರತೀಯ ಹವಾಮಾನ ಇಲಾಖೆ ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತದೆ. ಮುಂದಿನ ನಾಲ್ಕೈದು ದಿನದ ಅಂದಾಜಿಗೆ ಇದು ಒಳ್ಳೆಯದು. ಆದರೆ ಜಿಲ್ಲೆಗೆ ಹಳದಿ ಅಂದರೆ ನಿಮ್ಮ ಹೊಲಕ್ಕೆ ಮಳೆ ಬಂದೇ ಬರುತ್ತದೆ ಅಂತಲ್ಲ, ತುಂಬಾ ಜನ ಇಲ್ಲೇ ಎಡವಿ ಆಮೇಲೆ ಇಲಾಖೆ ಹೇಳೋದೆಲ್ಲ ಸುಳ್ಳು ಅನ್ನುತ್ತಾರೆ.

ಇನ್ನೊಂದು, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ. ಇವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಊರಿನ ಹೆಸರು ಹೇಳಿ ಕೇಳಬಹುದು. ಇವತ್ತು ಔಷಧಿ ಹೊಡೆಯಬೇಕಾ ಬೇಡವಾ ಅನ್ನೋದಕ್ಕೆ ನನಗೆ ಇದೇ ಜಾಸ್ತಿ ಹಿಡಿಸುತ್ತದೆ.

ಹಾಗಂತ ಸುಮ್ನೆ ನಂಬಬೇಡಿ. ಒಂದು ಮುಂಗಾರು ಪೂರ್ತಿ ಎರಡೂ ಕಡೆಯ ಮುನ್ಸೂಚನೆಯನ್ನು ಕ್ಯಾಲೆಂಡರ್‌ನಲ್ಲಿ ಬರೆದು, ಪಕ್ಕದಲ್ಲೇ ನಿಜಕ್ಕೂ ಬಿದ್ದ ಮಳೆಯನ್ನೂ ಬರೆಯಿರಿ, ಒಂದು ದಿನವನ್ನೂ ಬಿಡಬೇಡಿ, ಯಾಕಂದರೆ ಮುನ್ಸೂಚನೆ ತಪ್ಪಿದ ದಿನವೇ ಮನಸ್ಸಿನಲ್ಲಿ ಉಳಿಯೋದು ಅಲ್ವಾ. ಸಿಡಿಲಿಗೆ ಮಾತ್ರ ಈ ಪರೀಕ್ಷೆ ಬೇಡ. ದಾಮಿನಿ ಆ್ಯಪ್ ಎಚ್ಚರಿಸಿತು ಅಂದರೆ ತಕ್ಷಣ ಕೆಲಸ ಬಿಟ್ಟು ಮನೆಯೊಳಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ.