ಫೋನ್ ರೆಕಾರ್ಡಿಂಗ್ ಕೇಳಿ ಕನ್ನಡದಲ್ಲಿ ಟೈಪ್ ಮಾಡುವುದು: ಐದು ವರ್ಷ ಬಳಸಿದ ಮೇಲೆ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷೀನ್. ಲಗ್ನಪತ್ರಿಕೆ, ಬಾಡಿಗೆ ಕರಾರು, ಸಂಘದ ನಡಾವಳಿ, ಹೀಗೆ ದಿನ ಹೋಗುತ್ತಿತ್ತು. ಐದು ವರ್ಷದ ಹಿಂದೆ ಹೊಸದೊಂದು ಕೆಲಸ ಸೇರಿಕೊಂಡಿತು. ಪಿಎಚ್‌.ಡಿ. ಮಾಡುವ ಹುಡುಗರು ಹಳ್ಳಿಗೆ ಹೋಗಿ, ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, "ಅಕ್ಕಾ, ಇದನ್ನ ಟೈಪ್ ಮಾಡಿಕೊಡ್ರಿ" ಅನ್ನೋದು ಶುರುವಾಯಿತು. ಆಮೇಲೆ ವಾರ್ಷಿಕ ಸಭೆಯ ರೆಕಾರ್ಡಿಂಗ್, ಪ್ರವಚನ, ನಿವೃತ್ತ ಮೇಷ್ಟ್ರ ಆತ್ಮಕಥೆ ಎಲ್ಲ ಬಂದವು.

ಈ ಐದು ವರ್ಷದಲ್ಲಿ ಮೂರು ತರದ ಸಾಧನ ಬಳಸಿದೆ. ಫೋನಿನ ಜೊತೆಗೇ ಬರುವ ರೆಕಾರ್ಡರ್, ಮಾತಾಡಿದ್ದನ್ನು ಟೈಪ್ ಮಾಡುವ, ಫೋನ್ ಕೀಬೋರ್ಡಿನಲ್ಲಿರುವ ಮೈಕ್, ಮತ್ತೆ ಆಡಿಯೋ ಫೈಲನ್ನೇ ಕೊಟ್ಟರೆ ಅಕ್ಷರ ಮಾಡಿಕೊಡುವ ಸಾಫ್ಟ್‌ವೇರ್. ಮೂರರ ಬಗ್ಗೆಯೂ ಹೇಳುತ್ತೇನೆ. ಆದರೆ ಮೂರಕ್ಕೂ ಸಮನಾಗಿ ಹೇಳುವಷ್ಟು ಇಲ್ಲ.

ರೆಕಾರ್ಡರ್ ವಿಷಯ ಬೇಗ ಮುಗಿಯುತ್ತದೆ. ಯಾವ ಫೋನಿನದ್ದಾದರೂ ಸಾಕು. ಇದಕ್ಕೆ ದುಡ್ಡು ಕೊಟ್ಟು ಆಪ್ ಕೊಳ್ಳೋದು ಬೇಡ. ಸೆಟ್ಟಿಂಗ್‌ನಲ್ಲಿ ಒಂದು ಮಾತ್ರ ನೋಡಿಕೊಳ್ಳಿ, ಫೈಲಿನ ನಮೂನೆ. 128 ಕೆಬಿಪಿಎಸ್ ಎಂ4ಎ ಇಟ್ಟರೆ ಒಂದು ಗಂಟೆಗೆ ಸುಮಾರು 58 ಎಂಬಿ ಆಗುತ್ತದೆ. ಮಾತಿಗೆ ಅದು ಧಾರಾಳ. ದನಿಯನ್ನು ಕುಗ್ಗಿಸದೆ ಇಡುವ ವೇವ್ (ಡಬ್ಲ್ಯುಎವಿ) ಇಟ್ಟರೆ ಅದೇ ಒಂದು ಗಂಟೆಗೆ 300 ಎಂಬಿ ದಾಟುತ್ತದೆ. ಹಾಗಾದರೆ ಎಂ4ಎ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಒಂದು ಸಲ ಚನ್ನಗಿರಿ ಕಡೆಯ ಒಬ್ಬ ಹುಡುಗ ಒಂದು ಗಂಟೆ ಹತ್ತು ನಿಮಿಷ ಮಾತಾಡಿಸಿಕೊಂಡು ಬಂದಿದ್ದ. ಕೊನೆಯಲ್ಲಿ ಬ್ಯಾಟರಿ ಸತ್ತು ಫೋನ್ ಆಫ್ ಆಗಿತ್ತು. ಫೈಲ್ ಇದೆ, ಸೈಜ್ ಕೂಡ ಇದೆ, ಓಪನ್ ಮಾತ್ರ ಆಗುತ್ತಿಲ್ಲ. ಎಂ4ಎ ಫೈಲಿನಲ್ಲಿ ಯಾವ ಮಾತು ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸುವಾಗ ಫೋನ್ ಕೊನೆಗೆ ಬರೆಯುತ್ತದೆ. ಆ ಪಟ್ಟಿ ಇಲ್ಲದೆ ಫೈಲ್ ತೆರೆಯಲ್ಲ. ಪುಸ್ತಕದ ಹಾಳೆ ಎಲ್ಲ ಅಚ್ಚಾಗಿದೆ, ಪುಟಸಂಖ್ಯೆ ಹಾಕಿಲ್ಲ, ಬೈಂಡರ್ ಕೈಗೆ ರಾಶಿ ಕೊಟ್ಟಂಗೆ. ಆ ಹುಡುಗ ಮತ್ತೆ ಬಸ್ ಹತ್ತಿ ಹೋದ. ಮೊದಲ ದಿನ ಹೇಳಿದ್ದನ್ನು ಎರಡನೇ ದಿನ ಯಾರು ಹಾಗೇ ಹೇಳುತ್ತಾರೆ? ಅಂದಿನಿಂದ ಮುಖ್ಯವಾದದ್ದಕ್ಕೆ ವೇವ್ ಇಡಿ ಅಂತಲೇ ಹೇಳುತ್ತೇನೆ. ಮಧ್ಯದಲ್ಲಿ ನಿಂತರೂ ಅಲ್ಲಿವರೆಗಿನದ್ದು ಬಹುಪಾಲು ಉಳಿಯುತ್ತದೆ. ಇಲ್ಲವಾದರೆ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನ್ ಆರಿಸಿ. ಫೋನನ್ನು ಟೇಬಲ್ ಮೇಲೆ ಬರಿದೇ ಇಡಬೇಡಿ, ಕೆಳಗೆ ಟವೆಲ್ ಮಡಚಿ ಹಾಸಿ. ಇಷ್ಟು ಮಾಡಿದರೆ ನನ್ನಂಥವಳ ಕಿವಿ ಉಳಿಯುತ್ತದೆ.

ಫೈಲಿನ ಹೆಸರು ದೊಡ್ಡ ತಲೆನೋವು. ಪೆನ್‌ಡ್ರೈವ್ ಹಾಕಿದರೆ 'ವಾಯ್ಸ್ 001', 'ವಾಯ್ಸ್ 002', 'ನ್ಯೂ ರೆಕಾರ್ಡಿಂಗ್ 14'. ಯಾರದ್ದು, ಯಾವ ಊರದ್ದು, ಯಾವತ್ತಿಂದು, ಏನೂ ಇಲ್ಲ. ವಾಟ್ಸಾಪ್‌ನಲ್ಲಿ ಆಡಿಯೋ ಅಂತ ಕಳಿಸಿದರೆ ಕೊಟ್ಟ ಹೆಸರೂ ಹೋಗಿ, ಎಯುಡಿ, ಒಂದು ತಾರೀಖು, ಡಬ್ಲ್ಯುಎ 0003 ಅಂತ ಬಂದು ಕೂರುತ್ತದೆ. ಆ ತಾರೀಖೂ ಕಳಿಸಿದ ದಿನದ್ದು, ಮಾತಾಡಿದ ದಿನದ್ದಲ್ಲ. ಅದಕ್ಕೆ ಡಾಕ್ಯುಮೆಂಟ್ ಅಂತ ಕಳಿಸಿ, ಹೆಸರು ಇದ್ದ ಹಾಗೇ ಬರುತ್ತದೆ. ನನ್ನ ಪದ್ಧತಿ ಹೀಗಿದೆ: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಊರು, ಆಮೇಲೆ ಮಾತಾಡಿದವರು. ವರ್ಷ ಮೊದಲು ಬಂದರೆ ಫೋಲ್ಡರ್‌ನಲ್ಲಿ ತಾನೇ ಸಾಲಾಗಿ ನಿಲ್ಲುತ್ತವೆ. ಇನ್ನೂ ಒಂದು ಮಾಡಿ. ರೆಕಾರ್ಡ್ ಒತ್ತಿದ ತಕ್ಷಣ ನೀವೇ ಬಾಯಿಬಿಟ್ಟು ತಾರೀಖು, ಊರು, ಎದುರಿಗೆ ಕೂತವರ ಹೆಸರು ಹೇಳಿ. ರೆಕಾರ್ಡ್ ಮಾಡಬಹುದಾ ಅಂತ ಅವರನ್ನು ಕೇಳಿದ್ದೂ, ಅವರು ಹ್ಞೂಂ ಅಂದದ್ದೂ ಅದರಲ್ಲೇ ಇರಲಿ. ಫೈಲಿನ ಹೆಸರು ಹೋದರೂ ಆ ದನಿ ಹೋಗಲ್ಲ.

ಇನ್ನು ಟೈಪಿಂಗ್. ಒಂದು ಗಂಟೆ ಮಾತನ್ನು ಕೇಳಿ ಕೈಯಿಂದ ಟೈಪ್ ಮಾಡಲು ನನಗೆ ಆರರಿಂದ ಏಳು ಗಂಟೆ ಬೇಕು. ಕೀಬೋರ್ಡ್ ನೋಡದೆ ಹೊಡೆಯುವ ನನ್ನ ಲೆಕ್ಕ ಇದು. ಆಡಿಯೋವನ್ನು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಹಾಕುತ್ತೇನೆ. ಶಿಫ್ಟ್ ಹಿಡಿದು ಎಡಬಾಣ ಒತ್ತಿದರೆ ಮೂರು ಸೆಕೆಂಡ್ ಹಿಂದೆ ಹೋಗುತ್ತದೆ. ದಿನಕ್ಕೆ ಎಷ್ಟು ಸಾವಿರ ಸಲ ಆ ಬಾಣ ಒತ್ತಿದ್ದೀನೋ, ಅದರ ಮೇಲಿನ ಗುರುತು ಅಳಿಸಿ ಹೋಗಿದೆ.

ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ಬಂದದ್ದು 2017ರಲ್ಲಿ. ನಾನು ಅದನ್ನು ಕೆಲಸಕ್ಕೆ ಹಚ್ಚಿದ್ದು ಬಹಳ ತಡವಾಗಿ. ಮೊದಲು ಎಲ್ಲರೂ ಮಾಡುವ ದಡ್ಡ ಕೆಲಸವನ್ನೇ ನಾನೂ ಮಾಡಿದೆ. ಒಂದು ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಇನ್ನೊಂದು ಫೋನಿನ ಮೈಕ್ ಅದರ ಮುಂದೆ ಹಿಡಿದೆ. ಸ್ಪೀಕರಿನ ದನಿ, ಅಂಗಡಿಯ ಫ್ಯಾನು, ಹೊರಗಿನ ಆಟೋ, ಎಲ್ಲ ಸೇರಿ ಬಂದದ್ದು ಚಿತ್ರಾನ್ನ.

ಆಮೇಲೆ ಫೈಲ್ ಅಪ್‌ಲೋಡ್ ಮಾಡುವ ಒಂದು ಆನ್‌ಲೈನ್ ಸೇವೆಗೆ ತಿಂಗಳ ಚಂದಾ ಕಟ್ಟಿದೆ. ಹೆಸರು ಬೇಡ. ವೇದಿಕೆ ಮೇಲೆ ಮೈಕ್ ಮುಂದೆ ನಿಂತು, ಪುಸ್ತಕದ ಕನ್ನಡದಲ್ಲಿ ಭಾಷಣ ಮಾಡಿದವರದ್ದು ಚೆನ್ನಾಗೇ ಬಂತು. ನಿಜ ಹೇಳಬೇಕೆಂದರೆ ಆಶ್ಚರ್ಯ ಆಯಿತು. ಒತ್ತಕ್ಷರ, ಮಹಾಪ್ರಾಣ ಎಲ್ಲ ಸರಿ ಇದ್ದವು. 'ಮಾಡಿಕೊಂಡು' ಅನ್ನೋದನ್ನ 'ಮಾಡಿ ಕೊಂಡು' ಅಂತ ಒಡೆಯೋದು ಬಿಟ್ಟರೆ ದೊಡ್ಡ ತಪ್ಪಿಲ್ಲ. ಇನ್ನು ನನ್ನ ಅಂಗಡಿ ಮುಚ್ಚಿದ ಹಾಗೇ ಅಂದುಕೊಂಡೆ.

ಆಗ ಜಗಳೂರು ಕಡೆಯ ಒಬ್ಬ ಹುಡುಗ ಬಂದ. ಕುರಿ ಕಾಯುವವರ ಬದುಕಿನ ಬಗ್ಗೆ ಸಂಶೋಧನೆ. ಮೊದಲ ಫೈಲಿನಲ್ಲಿ ಮಾತಾಡಿದವರು ಅವನ ಸ್ವಂತ ಅಜ್ಜಿ. ಆ ಅಜ್ಜಿ ಹೇಳಿದ್ದು ಹೀಗಿತ್ತು:

"ಏಳ್ತೀನಿ ಕೇಳು ಮಗ. ನಮ್ಮಪ್ಪನ ಕಾಲ್ದಾಗೆ ನಮ್ಮ ರೊಪ್ಪದಾಗೆ ಮುನ್ನೂರು ಕುರಿ ಇದ್ವು."

ದುಡ್ಡು ಕೊಟ್ಟ ಸೇವೆ ಬರೆದದ್ದು: "7 ತಿನ್ನಿ ಕೇಳು ಮಗ ನಮ್ಮಪ್ಪನ ಕಾಲದಾಗ ನಮ್ಮ ರೂಪದಾಗ 300 ಕುರಿ ಇದ್ದವು."

ಅಂಗಡಿಯಲ್ಲಿ ಅವನೂ ನಾನೂ ಬಿದ್ದು ಬಿದ್ದು ನಕ್ಕೆವು. ಆದರೆ ತಪ್ಪು ಯಾಕಾಯಿತು ಅಂತ ನೋಡಿದರೆ ಗೊತ್ತಾಗುತ್ತದೆ. ಅಜ್ಜಿ 'ಹ' ಬಿಟ್ಟು ಮಾತಾಡುತ್ತಾರೆ. ಹೇಳ್ತೀನಿ ಅನ್ನೋದು ಏಳ್ತೀನಿ ಆಯಿತು. ಏಳು ಅಂದರೆ ಮಷೀನಿಗೆ ಅಂಕಿ. ರೊಪ್ಪ ಅಂದರೆ ಕುರಿ ಕೂಡುವ ಜಾಗ. ಪೇಟೆಯ ಕನ್ನಡ ಕೇಳಿ ಕಲಿತ ಮಷೀನಿಗೆ ಆ ಪದ ಎಲ್ಲಿ ಸಿಗಬೇಕು? ಮುಂದೆ 'ಹಟ್ಟಿ' ಬಂದ ಕಡೆಯೆಲ್ಲ 'ಹತ್ತಿ' ಅಂತ ಬರೆದಿತ್ತು. ದಾವಣಗೆರೆ ಅಂದ ಮೇಲೆ ಹತ್ತಿ ಅಂದುಕೊಂಡಿತೋ ಏನೋ. ಅಜ್ಜಿ ಸುಮ್ನೆ ಕೂತು ಯೋಚನೆ ಮಾಡಿದ ಕಡೆ ಹಿಂದಿನ ಒಂದೇ ಸಾಲನ್ನು ಹನ್ನೊಂದು ಸಲ ಬರೆದಿತ್ತು. ಚಂದಾ ನಿಲ್ಲಿಸಲು ಹೋದರೆ ಅದಕ್ಕೆ ಬಟನ್ನೇ ಸಿಗಲಿಲ್ಲ. ಇನ್ನೂ ಎರಡು ತಿಂಗಳು ದುಡ್ಡು ಹೋಯಿತು.

ಈಗ ನಾನು ಮಾಡುವ ರೀತಿ ಬೇರೆ. ಇದು ನನಗೆ ಹೊಳೆದದ್ದು ಒಂದು ದಿನ ಬೆರಳು ನೋವು ಬಂದಾಗ. ಕಂಪ್ಯೂಟರಿನಲ್ಲಿ ಆಡಿಯೋ ಹಚ್ಚಿ, ವೈರ್ ಇರುವ ಇಯರ್‌ಫೋನ್ ಕಿವಿಗೆ ಹಾಕಿಕೊಳ್ಳುತ್ತೇನೆ. ಫೋನಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಕೀಬೋರ್ಡಿನ ಮೈಕ್ ಒತ್ತುತ್ತೇನೆ. ಕಿವಿಗೆ ಒಂದು ವಾಕ್ಯ ಬೀಳುತ್ತದೆ. ನಿಲ್ಲಿಸುತ್ತೇನೆ. ಅದೇ ವಾಕ್ಯವನ್ನು ನನ್ನ ಬಾಯಲ್ಲಿ, ಬಿಡಿಸಿ, ನಿಧಾನವಾಗಿ ಫೋನಿಗೆ ಹೇಳುತ್ತೇನೆ. ಗಿಣಿ ತರ. ಫೋನಿಗೆ ಕೇಳಿಸೋದು ಒಂದೇ ದನಿ, ದಿನವೂ ಅದೇ ದನಿ, ಬಾಯಿ ಹತ್ತಿರದಿಂದ. ಹಾಗಾಗಿ ತಪ್ಪು ಬಹಳ ಕಡಿಮೆ. ಡಾಕ್ಸ್‌ನಲ್ಲಿ ಬರೆದದ್ದು ಆಗಲೇ ಕಂಪ್ಯೂಟರಿನ ಪರದೆ ಮೇಲೂ ಮೂಡುತ್ತದೆ. ಪೂರ್ಣವಿರಾಮ, ಕಾಮಾ ಎಲ್ಲ ಅಲ್ಲಿ ಕೈಯಿಂದ ಹಾಕುತ್ತೇನೆ. ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಮಾಡಲು ಹೋಗಬೇಡಿ. ಆಡಿಯೋ ನಿಲ್ಲಿಸಲು ಬೇರೆ ಕಿಟಕಿಗೆ ಹೋದ ಕೂಡಲೇ ಡಾಕ್ಸ್‌ನ ಮೈಕ್ ಆಫ್ ಆಗುತ್ತದೆ. ಹೀಗೆ ಮಾಡಿದರೆ ಒಂದು ಗಂಟೆಯ ಮಾತು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಗಂಟಲು ಒಣಗುತ್ತದೆ, ಮಗ್ಗುಲಿಗೆ ಬಿಸಿನೀರು ಇಟ್ಟುಕೊಳ್ಳಿ.

ಖುಷಿಯಿಂದ ಆ ಅಜ್ಜಿಯ ಫೈಲನ್ನು ಹೀಗೇ ಮಾಡಿ ಕೊಟ್ಟೆ. ಹುಡುಗ ಎರಡು ದಿನ ಬಿಟ್ಟು ಬಂದ. ಮುಖ ಸಪ್ಪಗಿತ್ತು. "ಅಕ್ಕಾ, ಒಂದು ತಪ್ಪಿಲ್ಲ. ಆದ್ರೆ ಇದು ನಮ್ಮ ಅಜ್ಜಿ ಮಾತಲ್ರೀ, ನಿಮ್ಮ ಮಾತು."

ತಿರುಗಿಸಿ ನೋಡಿದೆ. ನಾನು ಬರೆಸಿದ್ದು: "ಹೇಳ್ತೀನಿ ಕೇಳು ಮಗ. ನಮ್ಮಪ್ಪನ ಕಾಲದಲ್ಲಿ ನಮ್ಮ ರೊಪ್ಪದಲ್ಲಿ 300 ಕುರಿ ಇದ್ದವು." ಅಜ್ಜಿಯ 'ದಾಗೆ' ಎಲ್ಲ ಹೋಗಿ 'ದಲ್ಲಿ' ಆಗಿದೆ. ಬಿಟ್ಟ 'ಹ' ವಾಪಸ್ ಬಂದಿದೆ. ನಾನು ಬೇಕಂತ ಮಾಡಿದ್ದಲ್ಲ. ಇಪ್ಪತ್ತು ವರ್ಷ ಅರ್ಜಿ, ಕರಾರು ಟೈಪ್ ಮಾಡಿ ಮಾಡಿ ನಾಲಿಗೆಯೇ ಹಾಗೆ ತಿದ್ದಿಕೊಂಡಿದೆ. ಮಷೀನು ತಪ್ಪು ಬರೆದರೂ 'ಕಾಲದಾಗ' ಅಂತ ಅಜ್ಜಿಯ ಹತ್ತಿರಕ್ಕಾದರೂ ಬಂದಿತ್ತು. ನಾನು ಸರಿ ಬರೆದು ದೂರ ಹೋಗಿದ್ದೆ.

ಈಗ ಎರಡು ರೇಟು ಇಟ್ಟಿದ್ದೀನಿ. ಒಂದು ಸಾದಾ, ಇನ್ನೊಂದು 'ಇದ್ದದ್ದು ಇದ್ದಂಗೆ'. ಸಭೆ, ಭಾಷಣ, ಪ್ರವಚನಕ್ಕೆ ಸಾದಾ ಸಾಕು. ಇದ್ದದ್ದು ಇದ್ದಂಗೆ ಬೇಕು ಅಂದವರಿಗೆ ಗಿಣಿಪಾಠ ಮುಗಿದ ಮೇಲೆ ಎರಡನೇ ಸಲ ಕೂರುತ್ತೇನೆ. ವಿಎಲ್‌ಸಿಯ ವೇಗ ಇಳಿಸಿ, ಕೇಳುತ್ತಾ, ಒಂದೊಂದೇ ಪ್ರತ್ಯಯವನ್ನು ಕೈಯಿಂದ ವಾಪಸ್ ತರುತ್ತೇನೆ. ಅದಕ್ಕೆ ಇನ್ನೂ ಒಂದೂವರೆ ಗಂಟೆ. ಒಟ್ಟು ನಾಲ್ಕು ಗಂಟೆ. ಪೂರ್ತಿ ಕೈಯಿಂದ ಹೊಡೆಯೋದಕ್ಕಿಂತ ಆಗಲೂ ಲಾಭವೇ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಜಾಸ್ತಿ. 1997ರಲ್ಲಿ ಜಿಲ್ಲೆ ಆದಾಗ ಚಿತ್ರದುರ್ಗದಿಂದ, ಶಿವಮೊಗ್ಗದಿಂದ, ಬಳ್ಳಾರಿಯಿಂದ ತಾಲ್ಲೂಕು ತೆಗೆದು ಸೇರಿಸಿದ್ದಲ್ವಾ. ಹೊನ್ನಾಳಿಯವರ ಮಾತಿಗೂ ಜಗಳೂರಿನವರ ಮಾತಿಗೂ ಒಂದೇ ಕಿವಿ ಸಾಲಲ್ಲ.

ಕಂಪ್ಯೂಟರ್ ಚೆನ್ನಾಗಿ ಬರುವವರು ಆಡಿಯೋ ಫೈಲನ್ನು ಅಕ್ಷರ ಮಾಡಿಕೊಡುವ ವಿಸ್ಪರ್ ಅನ್ನುವ ಸಾಫ್ಟ್‌ವೇರ್ ನೋಡಬಹುದು. ಚಾಟ್‌ಜಿಪಿಟಿ ಮಾಡಿದ ಓಪನ್ಎಐ ಕಂಪನಿ 2022ರ ಸೆಪ್ಟೆಂಬರಿನಲ್ಲಿ ಬಿಟ್ಟದ್ದು, ಪುಕ್ಕಟೆ. ನಮ್ಮದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲದೆ ಓಡುತ್ತದೆ. ನನಗೆ ಇಷ್ಟವಾದದ್ದು ಇದೇ. ಮನೆ ಜಗಳ, ಜಮೀನು ವ್ಯಾಜ್ಯ ಎಲ್ಲ ಮಾತಾಡಿರುವ ಫೈಲನ್ನು ಯಾರದೋ ಸರ್ವರಿಗೆ ಹಾಕಲು ಈಗ ನನಗೆ ಮನಸ್ಸು ಬರಲ್ಲ. ಒಂದು ವಿಷಯ ನೆನಪಿಡಿ. ಭಾಷೆ ಯಾವುದು ಅಂತ ನಾವು ಹೇಳದಿದ್ದರೆ ಅದು ಮೊದಲ 30 ಸೆಕೆಂಡ್ ಕೇಳಿ ತಾನೇ ತೀರ್ಮಾನ ಮಾಡುತ್ತದೆ. ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಬಹಳ ಜನ ಇದ್ದಾರೆ. "ಕೂರ್ಚೋ, ಮಂಚಿನೀಳ್ಳು ತಾಗು" ಅಂತ ರೆಕಾರ್ಡಿಂಗ್ ಶುರುವಾದರೆ ಮುಂದಿನ ಕನ್ನಡವನ್ನೂ ತೆಲುಗು ಅಂತಲೇ ಕೇಳಿಸಿಕೊಳ್ಳಬಹುದು. ಕನ್ನಡ ಅಂತ ಮೊದಲೇ ಗೊತ್ತು ಮಾಡಿ. ಮದ್ರಾಸ್ ಐಐಟಿಯ ಎಐ4ಭಾರತ್‌ನವರು ಭಾರತದ ಭಾಷೆಗಳಿಗಾಗಿಯೇ ಮಾಡಿರುವ ಮಾಡೆಲ್‌ಗಳೂ ಪುಕ್ಕಟೆ ಸಿಗುತ್ತವೆ. ಅವನ್ನು ಹಾಕಿಕೊಳ್ಳಲು ಮಾತ್ರ ಗೊತ್ತಿರುವವರ ಸಹಾಯ ಬೇಕು. ನನಗೆ ಅಕ್ಕನ ಮಗ ಸಿಕ್ಕಿದ್ದ.

ಪ್ರೆಸ್ಸಿಗೆ ಕೊಡುವವರಿಗೆ ಒಂದು ಎಚ್ಚರಿಕೆ. ಈ ಎಲ್ಲ ಸಾಧನಗಳೂ ಕೊಡೋದು ಯೂನಿಕೋಡ್, ಅಂದರೆ ಫೋನು, ಇಂಟರ್ನೆಟ್ ಎಲ್ಲ ಕಡೆ ಓದಲು ಬರುವ ಅಕ್ಷರ. ಇಲ್ಲಿನ ಕೆಲವು ಪ್ರೆಸ್‌ಗಳು ಇನ್ನೂ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಹಳೇ ನುಡಿ ಫಾಂಟು ಕೇಳುತ್ತವೆ. ಯೂನಿಕೋಡನ್ನು ನುಡಿಗೆ ಕನ್ವರ್ಟ್ ಮಾಡಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ನೋಡಿ. ನಡುವೆ ಇಂಗ್ಲಿಷ್ ಅಕ್ಷರ ಇದ್ದರೆ ಅದೂ ನುಡಿ ಫಾಂಟಿಗೆ ಹೋಗಿ ಕಲಸುಮೇಲೋಗರ ಆಗಿರುತ್ತದೆ.

ಜಗಳೂರಿನ ಹುಡುಗ ಈಗಲೂ ಬರುತ್ತಾನೆ. ಹೋದ ವಾರ ತಂದದ್ದು ಅಜ್ಜಿ ಹೇಳಿದ ಒಂದು ಕಥೆ, 48 ನಿಮಿಷ. ಕಥೆ ಹೇಳುವಾಗ ಎದುರಿಗೆ ಕೂತವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಅಜ್ಜಿ ಮುಂದೆ ಹೇಳಲ್ಲ. "ಅಕ್ಕಾ, ಆ ಹೂಂ ಅನ್ನೋದನ್ನೂ ಹಾಕ್ರಿ, ಎಲ್ಲಿ ಅಂದ್ವೋ ಅಲ್ಲೇ" ಅಂದ. ಮೈಕಿಗೆ ಹೂಂ ಅಂದೆ. ಅದು 'ಹೂವು' ಅಂತ ಬರೆಯಿತು. ಮತ್ತೆ ಅಂದೆ, ಏನೂ ಬರೆಯಲಿಲ್ಲ. ಕೊನೆಗೆ ಕೈಯಿಂದಲೇ ಹೊಡೆದೆ. 212 ಹೂಂ.