ಆರು ವರ್ಷ ಹೊತ್ತು ನಡೆದ ಗ್ರೇಡಿಯೋಮೀಟರ್

ಇಂಗ್ಲೆಂಡಿನ ಹೊಲಗಳಲ್ಲಿ ಈ ಜೋಡಿ ಸೆನ್ಸರಿನ ಫ್ಲಕ್ಸ್‌ಗೇಟ್ ಗ್ರೇಡಿಯೋಮೀಟರ್ (ನೆಲದ ಕಾಂತಬಲದಲ್ಲಿನ ಸಣ್ಣ ವ್ಯತ್ಯಾಸ ಅಳೆಯುವ ಯಂತ್ರ) ಹೊತ್ತು ನಡೆಯಲು ಶುರು ಮಾಡಿ ಆರು ವರ್ಷ ಆಯಿತು. ಪುರಾತತ್ವದವರು ಅಗೆಯುವ ಮುಂಚೆ ಮಣ್ಣಿನಡಿ ಏನಿದೆ ಎಂದು ಪತ್ತೆ ಮಾಡುವುದು ನನ್ನ ಕೆಲಸ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.

ಕಲ್ಲುಗೋಡೆ ಹುಡುಕಲು ಇದನ್ನು ಕೊಳ್ಳಬೇಡಿ. ಇದರ ಶಕ್ತಿ ಇರುವುದು ಸುಟ್ಟ ಮಣ್ಣಿನಲ್ಲಿ. ಜೇಡಿಮಣ್ಣು ಚೆನ್ನಾಗಿ ಕಾದು ಆರುವಾಗ ಅದರೊಳಗಿನ ಕಬ್ಬಿಣದ ಅಂಶ ಆ ಹೊತ್ತಿನ ಭೂಮಿಯ ಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾವಿರಾರು ವರ್ಷ ಕಳೆದರೂ ಬಿಡುವುದಿಲ್ಲ. 1958ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿ ಮಾರ್ಟಿನ್ ಐಟ್ಕೆನ್ ಇಂಗ್ಲೆಂಡಿನ ವಾಟರ್ ನ್ಯೂಟನ್ ಎಂಬ ಊರಿನಲ್ಲಿ ರೋಮನ್ ಕಾಲದ ಕುಂಬಾರರ ಆವಿಗೆ ಪತ್ತೆ ಮಾಡಿದ್ದು ಹೀಗೆಯೇ. ಕಾಂತಬಲ ಅಳೆಯುವ ಅವರ ಪ್ರೋಟಾನ್ ಯಂತ್ರ ಹಿಡಿದು ಒಂದೊಂದು ಜಾಗದಲ್ಲೂ ನಿಂತು ಅಳೆಯಬೇಕಿತ್ತು. ನನ್ನದು ನಡೆಯುತ್ತಲೇ ಮೀಟರಿಗೆ ಎಂಟು ಸಲ ಅಳೆಯುತ್ತದೆ. ದಿನಕ್ಕೆ ಮೂರು ಎಕರೆ ಆರಾಮಾಗಿ ಮುಗಿಯುತ್ತದೆ.

ಮುಚ್ಚಿಹೋದ ಕಂದಕಗಳೂ ಸಿಗುತ್ತವೆ. ಆದರೆ ಅವುಗಳ ಗುರುತು ತುಂಬಾ ಸಣ್ಣದು. ಭೂಮಿಯ ಕಾಂತಬಲ ಇಲ್ಲಿ ಸುಮಾರು 49,000 ನ್ಯಾನೋಟೆಸ್ಲಾ (ಕಾಂತಬಲದ ಅಳತೆ) ಇದ್ದರೆ, ಕಂದಕದಿಂದ ಬರುವ ವ್ಯತ್ಯಾಸ ಎಷ್ಟೋ ಸಲ ಎರಡೋ ಮೂರೋ ಅಷ್ಟೇ. ಹಾಗಾಗಿ ಮೈಮೇಲೆ ಕಬ್ಬಿಣ ಇರಲೇಬಾರದು. ಚಿನ್ನದ ಸರ, ಬೆಳ್ಳಿ ಕಾಲುಂಗುರ ಪರವಾಗಿಲ್ಲ. ಸೇಫ್ಟಿ ಪಿನ್ ಬೇಡ! ಮೊದಲ ವರ್ಷ ಸರಕ್ಕೆ ಸಿಕ್ಕಿಸಿಕೊಂಡಿದ್ದ ಒಂದೇ ಪಿನ್ನಿನಿಂದ ನಾಲ್ಕು ಗ್ರಿಡ್ (ಹೊಲದಲ್ಲಿ ಗುರುತು ಹಾಕಿಕೊಂಡ ಚೌಕ) ಮತ್ತೆ ನಡೆಯಬೇಕಾಯಿತು.

ಅರ್ಧ ಅಂಕ ಕಡಿಮೆ ಮಾಡಿದ್ದು ಬಿಸಿಲಿನ ಕಾಟಕ್ಕೆ. ಬೆಳಿಗ್ಗೆ ಆನ್ ಮಾಡಿ ಇಪ್ಪತ್ತು ನಿಮಿಷ ಸುಮ್ನೆ ಬಿಡಬೇಕು. ಹೊತ್ತು ಏರಿದ ಮೇಲೆ ಸೆನ್ಸರ್‌ಗಳನ್ನು ಮತ್ತೆ ಸರಿಹೊಂದಿಸಬೇಕು. ಮರೆತರೆ ಅಳತೆಗಳಿಂದ ಮೂಡುವ ನಕ್ಷೆ ತುಂಬಾ ಪಟ್ಟೆ ಪಟ್ಟೆ. ತಂತಿಬೇಲಿಯ ಹತ್ತಿರವಂತೂ ಏನೂ ಕಾಣುವುದಿಲ್ಲ.

ನಕ್ಷೆ ಓದುವುದಕ್ಕೆ ಜಾಸ್ತಿ ಸಮಯ ಕೊಡಿ. ಟರ್ಕಿಯ ಪ್ರಾಚೀನ ನಗರ ಟ್ರಾಯ್‌ನಲ್ಲಿ 1992ರ ಇಂಥ ನಕ್ಷೆ ನೋಡಿದ ಪರಿಣತರೇ ಸುಟ್ಟ ಇಟ್ಟಿಗೆಯ ಕೋಟೆಗೋಡೆ ಸಿಕ್ಕಿತು ಅಂದುಕೊಂಡಿದ್ದರು. ಅಗೆದಾಗ ಸಿಕ್ಕಿದ್ದು ಬಂಡೆಯಲ್ಲಿ ಕಡಿದ ಕಂದಕ. ಅದಕ್ಕೇ ನನ್ನ ವರದಿಯಲ್ಲಿ 'ಇರಬಹುದು' ಎಂದೇ ಬರೆಯುತ್ತೇನೆ.

ನಮ್ಮೂರ ಕಡೆ ನಡೆಯುತ್ತದಾ ಎಂದು ಕೆಲವರು ಕೇಳುತ್ತಾರೆ. ವಿಜಯಪುರದ ಕಡೆಯ ಬಸಾಲ್ಟ್ ನೆಲದಲ್ಲಿ ಕಷ್ಟ. ಅಲ್ಲಿ ಬಂಡೆಯ ಕಾಂತವೇ ಜೋರಾಗಿದ್ದು, ಮಣ್ಣಿನ ಗುರುತು ಅದರಲ್ಲಿ ಮುಳುಗಿಹೋಗುತ್ತದೆ. ಇನ್ನೊಂದು ವಿಷಯ, ದಕ್ಷಿಣ ಭಾರತ ಕಾಂತೀಯ ಸಮಭಾಜಕಕ್ಕೆ (ಭೂಮಿಯ ಕಾಂತದ ದಿಕ್ಕು ನೆಲಕ್ಕೆ ಸಮಾನಾಂತರವಾಗಿರುವ ರೇಖೆಗೆ) ಹತ್ತಿರ. ಅದೇ ಗುಂಡಿ ಇಲ್ಲಿ ಕಾಣುವ ಆಕಾರದಲ್ಲಿ ಅಲ್ಲಿ ಕಾಣುವುದಿಲ್ಲ. ಓದುವುದನ್ನು ಹೊಸದಾಗಿ ಕಲಿಯಬೇಕು. ಆದರೂ ಬಳ್ಳಾರಿ ಕಡೆ, ಸಗಣಿ ಸುಟ್ಟು ಎದ್ದ ಬೂದಿದಿಬ್ಬಗಳ ಪಕ್ಕದ ಹೊಲದಲ್ಲಿ ಇದನ್ನು ಹೊತ್ತು ಒಂದು ವಾರ ನಡೆಯಬೇಕೆಂಬ ಆಸೆ ನನಗೆ ತುಂಬಾ ಇದೆ.