ಮಾಗಡಿ ಕಡೆಯ ವಾರದ ತರಕಾರಿ ಚೀಲ: ಐದು ವರ್ಷ ತಿಂದ ಮೇಲೆ ಬರೆಯುತ್ತಿರುವುದು

ಶನಿವಾರ ಬೆಳಗ್ಗೆ ಆರೂವರೆಗೆ ನಮ್ಮ ರಸ್ತೆ ತುದಿಯಲ್ಲಿ ಟಾಟಾ ಏಸ್ ಬಂದು ಎರಡು ಸಲ ಹಾರ್ನ್ ಹೊಡೆಯುತ್ತದೆ. ನಾನು ಹೋದ ವಾರದ ಖಾಲಿ ಚೀಲ ಕೊಟ್ಟು ತುಂಬಿದ ಚೀಲ ತರುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಶುರುವಾದದ್ದು ಇದು. ಆಗ ಗಾಡಿ ಸಿಗದೆ, ಮಾರುಕಟ್ಟೆ ನಡೆಯದೆ ರೈತರು ಬೆಳೆದದ್ದನ್ನು ಹೊಲದಲ್ಲೇ ಬಿಡುತ್ತಿದ್ದರು. ನಾವು ಇಲ್ಲಿ ಬೆಂಗಳೂರಲ್ಲಿ ಒಂದು ಕಟ್ಟು ಸೊಪ್ಪಿಗೆ ಕ್ಯೂ ನಿಲ್ಲುತ್ತಿದ್ದೆವು. ಮಾಗಡಿ ತಾಲ್ಲೂಕಿನ ಮೂರು ಮನೆಯವರು ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು, ನಾನೂ ಸೇರಿದೆ. ಅವರ ಹೆಸರು, ಊರು ಇಲ್ಲಿ ಬೇಡ. ಮುಂದೆ ಒಂದು ಜಗಳದ ವಿಷಯ ಬರುತ್ತದೆ.

ಚೀಲಕ್ಕೆ ಆಗ 350 ರೂಪಾಯಿ, ಈಗ 480. ತಿಂಗಳ ದುಡ್ಡು ಮೊದಲೇ ಕೊಡಬೇಕು. ಇಂಥ ಚೀಲಗಳು ಹೇಗೆ ನಡೆಯುತ್ತವೆ ಅಂತ ಈಗ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಗೊತ್ತಿರಬೇಕಾದ ಒಂದು ಮಾತು ಇಷ್ಟೇ: ನಿಮಗೆ ಬೇಕಾದದ್ದು ಬರುವುದಿಲ್ಲ, ಹೊಲದಲ್ಲಿ ಇದ್ದದ್ದು ಬರುತ್ತದೆ. 2021ರ ಕೊನೆಯಲ್ಲಿ ಏಳು ವಾರ ಬಿಡದೆ ಮೂಲಂಗಿ ಬಂತು. ಹುಳಿ ಮಾಡಿದೆ, ಕೋಸಂಬರಿ ಮಾಡಿದೆ, ಪರೋಟ ಮಾಡಿದೆ, ಅದರ ಸೊಪ್ಪಿನ ಪಲ್ಯ ಮಾಡಿದೆ. ಎಂಟನೇ ವಾರ ಚೀಲದಿಂದ ಬಿಳಿ ಬಾಲ ಇಣುಕಿದ ಕೂಡಲೇ ಯಜಮಾನರು ಚಪ್ಪಲಿ ಮೆಟ್ಟಿ ದರ್ಶಿನಿಗೆ ಹೊರಟರು.

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಲೆಕ್ಕ ಬರೆಯದೆ ನಿದ್ದೆ ಬರುವುದಿಲ್ಲ. ಹಾಗಾಗಿ ಮೊದಲ ಎರಡು ವರ್ಷ ಪ್ರತಿ ಶನಿವಾರ ಚೀಲದ ಒಂದೊಂದು ಸಾಮಾನನ್ನೂ ತೂಗಿ, ಹಾಪ್‌ಕಾಮ್ಸ್ ಹಣ್ಣು-ತರಕಾರಿ ಅಂಗಡಿಯ ಬೋರ್ಡಿನ ಆ ದಿನದ ರೇಟ್ ಪಕ್ಕದಲ್ಲಿ ಬರೆದಿಟ್ಟೆ. ಹಾಪ್‌ಕಾಮ್ಸ್ ನಮ್ಮ ಮನೆಗೆ ಹಳೇ ನಂಟು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು, ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ. ನಮ್ಮಪ್ಪ ಅಲ್ಲಿ ಬಿಟ್ಟು ಬೇರೆ ಕಡೆ ಹಣ್ಣು ಕೊಂಡದ್ದೇ ನಾನು ನೋಡಿಲ್ಲ. ಅವರಿಗೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ರೇಟೇ ವೇದವಾಕ್ಯ. ಅದಕ್ಕೇ ನನಗೂ ಅದೇ ಅಳತೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 1,800 ರೂಪಾಯಿ ನಾನೇ ಜಾಸ್ತಿ ಕೊಟ್ಟಿದ್ದೆ. ಅಗ್ಗ ಆಗುತ್ತದೆ ಅಂತ ಸೇರುವವರು ಸೇರಬೇಡಿ.

ಹಾಗಿದ್ದರೂ ಯಾಕೆ ಬಿಡಲಿಲ್ಲ ಅಂದರೆ, ಬೆರಕೆ ಸೊಪ್ಪು.

ಇದು ಪಟ್ಟಿಯಲ್ಲಿ ಇರಲೇ ಇಲ್ಲ. ಮೊದಲ ವರ್ಷ ಮಳೆ ಹಿಡಿದ ಮೇಲೆ ಒಂದು ಶನಿವಾರ ಚೀಲದ ಮೇಲೆ ಬಾಳೆ ನಾರಿನಲ್ಲಿ ಕಟ್ಟಿದ ಒಂದು ಹೊರೆ ಇತ್ತು. ನನಗೆ ಹುಲ್ಲಿನ ಹಾಗೆ ಕಂಡಿತು. ಕಸದ ಬುಟ್ಟಿಗೆ ಹಾಕುವವಳಿದ್ದೆ. ನಮ್ಮತ್ತೆ ಕುಣಿಗಲ್ ಕಡೆಯವರು, ಆಗ ಎಪ್ಪತ್ತೊಂಬತ್ತು ವರ್ಷ. ಕೈಯಿಂದ ಕಿತ್ತುಕೊಂಡರು. ನೆಲದ ಮೇಲೆ ಪೇಪರ್ ಹಾಸಿ ಕಾಲು ಚಾಚಿ ಕೂತು, ಒಂದೊಂದೇ ಕುಡಿ ಎತ್ತಿ ಹೆಸರು ಹೇಳಿದರು. ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ, ಕನ್ನೆ. ಮಂಡಿನೋವು ಅಂತ ಎರಡು ವರ್ಷದಿಂದ ನೆಲದ ಮೇಲೆ ಕೂತಿರದ ಹೆಂಗಸು.

ಇವು ಯಾರೂ ಬಿತ್ತಿದ್ದಲ್ಲ. ರಾಗಿ ಹೊಲದಲ್ಲಿ, ಬದುವಿನಲ್ಲಿ ತಾವಾಗಿ ಹುಟ್ಟುವ ಕಳೆ. ಗಾಡಿಯಲ್ಲಿ ಚೀಲ ತರುವ ಹುಡುಗನ ಅಮ್ಮ ಕಳೆ ಕೀಳುವಾಗ ಎಳೆಯದನ್ನು ಆರಿಸಿ ಬೇರೆ ಇಡುತ್ತಾರಂತೆ. ಅದಕ್ಕೆ ದುಡ್ಡಿಲ್ಲ. ಒಂದು ಶನಿವಾರ ಅವರೂ ಗಾಡಿಯಲ್ಲಿ ಬಂದಿದ್ದರು. ಅತ್ತೆ ಗೇಟಿನ ತನಕ ಹೋಗಿ ಮಾತಾಡಿಸಿದರು. ಸಾವಯವ ಅಂತ ಇವರು ಚೀಲದ ಮೇಲೆ ಎಲ್ಲೂ ಬರೆದಿಲ್ಲವಲ್ಲ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಆಕೆ ನಕ್ಕು, "ಕಳೆ ಔಷ್ದಿ ಹೊಡೆದ್ರೆ ಈ ಸೊಪ್ಪು ಎಲ್ಲಿ ಹುಟ್ತದವ್ವಾ?" ಅಂದರು. ಆಮೇಲೆ ನಾನು ಸರ್ಟಿಫಿಕೇಟ್ ಕೇಳಲಿಲ್ಲ.

ನಮ್ಮ ಮನೆಯ ಶನಿವಾರ ಈಗ ಹೀಗೆ. ಕಾಫಿ ಆದ ಮೇಲೆ ಅತ್ತೆ ಸೊಪ್ಪು ಸೋಸುತ್ತಾರೆ. ಬಲಿತ ದಂಟು ಒಂದು ಕಡೆ, ಕುಡಿ ಒಂದು ಕಡೆ. ಗಣಿಕೆ ಒಂದು ಹಿಡಿಗಿಂತ ಜಾಸ್ತಿ ಆದರೆ ಸಾರು ಕಹಿ, ಅದನ್ನು ಅವರೇ ಅಳೆಯಬೇಕು, ನನಗೆ ಬಿಡುವುದಿಲ್ಲ. ಆಮೇಲೆ ದೊಡ್ಡ ಬೇಸನ್ನಿನಲ್ಲಿ ನಾಲ್ಕು ನೀರು ತೊಳೆಯುವುದು ನನ್ನ ಪಾಲು. ಮೊದಲ ನೀರು ಕೆಂಪಗೆ ಮಣ್ಣು, ಅದು ಕರಿಬೇವಿನ ಗಿಡಕ್ಕೆ. ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಬೇಯಿಸಿ, ಕಡಗೋಲಿನಲ್ಲಿ ಮಸೆದು ಮಸ್ಸೊಪ್ಪು. ಮಿಕ್ಸಿಗೆ ಹಾಕಿದರೆ ಅತ್ತೆ ಊಟಕ್ಕೇ ಬರುವುದಿಲ್ಲ. ಗೋಣಿ ಸೊಪ್ಪಿನಲ್ಲೇ ಹುಳಿ ಇರುವುದರಿಂದ ಹುಣಸೆಹಣ್ಣು ಚೂರು ಸಾಕು. ಬಿಸಿ ಮುದ್ದೆ, ಮೇಲೆ ಒಂದು ಚಮಚ ತುಪ್ಪ. ಹೊರೆ ದೊಡ್ಡದಿದ್ದರೆ ಮಾರನೇ ದಿನ ಬಸ್ಸಾರು. ಕಟ್ಟು ಬಸಿದು ಸಾರು, ಉಳಿದ ಸೊಪ್ಪು ಕಾಳಿಗೆ ಕಾಯಿತುರಿ ಹಾಕಿ ಪಲ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಸುಖ. ಚಳಿಗಾಲಕ್ಕೆ ಅವರದೇ ಅವರೆಕಾಯಿ ಬರುತ್ತದೆ, ಬಿಡಿಸಿದ ಕೈಯಲ್ಲಿ ಸಂಜೆ ತನಕ ಸೊಗಡು. ಅದರ ಬಗ್ಗೆ ಬರೆಯಲು ಹೋದರೆ ನಿಲ್ಲುವುದಿಲ್ಲ.

ಇನ್ನು ಜಗಳ.

2023ರ ಜುಲೈ ನೆನಪಿದೆ ಅಲ್ವಾ? ಅಂಗಡಿಯಲ್ಲಿ ಟೊಮೆಟೊ ಕೆಜಿಗೆ 100 ದಾಟಿತ್ತು. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ಮೇಲೆ ಹೋಯಿತು ಅಂತ ದಿನಾ ಟೀವಿಯಲ್ಲಿ ಬರುತ್ತಿತ್ತು. ಸರಿಯಾಗಿ ಆಗಲೇ ನಮ್ಮ ಚೀಲದಿಂದ ಟೊಮೆಟೊ ಮಾಯ. ಗ್ರೂಪಿನಲ್ಲಿ ಒಂದು ಸಾಲು: "ಗಿಡಕ್ಕೆ ರೋಗ ಬಂದು ಬೆಳೆ ಹೋಯ್ತು." ಅಯ್ಯೋ ಪಾಪ ಅಂದುಕೊಂಡೆ. ಸಮಾಧಾನದ ಮಾತು ಬರೆದು ಕೈಮುಗಿಯುವ ಚಿತ್ರ ಬೇರೆ ಹಾಕಿದೆ. ಐದು ವಾರ ಹೀಗೇ ನಡೆಯಿತು. ಆಮೇಲೆ ನಮ್ಮ ಪಕ್ಕದ ಬೀದಿಯವರು ಆ ಕಡೆ ಯಾವುದೋ ಮದುವೆಗೆ ಹೋದವರು, ನಮ್ಮ ಚೀಲದವರ ತೋಟದ ಮುಂದೆ ಟೊಮೆಟೊ ಕ್ರೇಟ್ ಲೋಡ್ ಆಗುತ್ತಿದ್ದದ್ದನ್ನು ಕಣ್ಣಾರೆ ನೋಡಿ ಬಂದರು.

ನನಗೆ ಉರಿದು ಹೋಯಿತು. ಪುಸ್ತಕ ತೆಗೆದೆ. ಹಿಂದೆ ಬೋರ್ಡಿನಲ್ಲಿ ಟೊಮೆಟೊ 10 ರೂಪಾಯಿ ಇದ್ದ ವಾರಗಳಲ್ಲೂ ನಾನು ಚೀಲಕ್ಕೆ ಪೂರ್ತಿ ದುಡ್ಡು ಕೊಟ್ಟಿದ್ದೆ. ಒಂದು ದಿನ ಗೊಣಗಿಲ್ಲ. ರೇಟು ಬಿದ್ದಾಗ ನಾನು ಬೇಕು, ಏರಿದಾಗ ಮಂಡಿ ಬೇಕು, ಇದ್ಯಾವ ನ್ಯಾಯ? ಶನಿವಾರ ಗಾಡಿ ಹತ್ತಿರ ಕೇಳಿಯೇ ಬಿಟ್ಟೆ. ಹುಡುಗ ತಲೆ ತಗ್ಗಿಸಿದ. "ಸಾಲ ಇತ್ತಕ್ಕಾ. ಬೋರ್ ಕೊರೆಸಿದ್ದು ಎರಡು ಫೇಲ್ ಆಗಿತ್ತು. ಈ ರೇಟು ಮತ್ತೆ ಯಾವಾಗ ಬರ್ತದೋ" ಅಂದ. ಮಾರಿದ್ದಕ್ಕೆ ನನ್ನ ತಕರಾರಿಲ್ಲ ಅಂದೆ, ಮಂಡಿಗೆ ಹಾಕಿದ್ದೀನಿ ಅಂತ ಹೇಳಬಹುದಿತ್ತಲ್ಲ ಅಂದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಆ ತಿಂಗಳಿಗೆ ನಿಲ್ಲಿಸಿದೆ.

ಆಮೇಲೆ ಹತ್ತು ನಿಮಿಷದ ಆಪ್‌ನಲ್ಲಿ ತರಿಸಿದೆ. ತರಕಾರಿ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಕ್ಯಾರೆಟ್, ಹೂಕೋಸು, ಮನಸ್ಸಿಗೆ ಬಂದದ್ದು ಬಂತು. ಯಜಮಾನರು ಖುಷಿಯಾಗಿದ್ದರು. ಅತ್ತೆ ಮಾತ್ರ ಮಳೆ ಬಂದ ದಿನವೆಲ್ಲ ಕಿಟಕಿ ಹತ್ತಿರ ಕೂತು, "ಈಗ ಅಣ್ಣೆ ಎಳೆಯದಾಗಿರುತ್ತೆ" ಅನ್ನುತ್ತಿದ್ದರು. ಕೆ.ಆರ್. ಮಾರ್ಕೆಟ್‌ವರೆಗೆ ಹೋಗಿ ಬೆರಕೆ ಸೊಪ್ಪು ಅಂತ ಒಂದು ಕಟ್ಟು ತಂದೆ. ಅತ್ತೆ ಬಿಡಿಸಿ ನೋಡಿ, "ಬರೀ ಬಲಿತ ಅಣ್ಣೆ ತುಂಬಿದಾರೆ" ಅಂತ ಬದಿಗೆ ಸರಿಸಿದರು.

ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಆರೂವರೆಗೆ ಹಾರ್ನ್ ನಮ್ಮ ಗೇಟಿನ ಮುಂದೆಯೇ ಹೊಡೆಯಿತು. ಅತ್ತೆ ನನಗೆ ಹೇಳದೆ ಆ ಹುಡುಗನ ಅಮ್ಮನಿಗೆ ಫೋನ್ ಮಾಡಿದ್ದರು. ತಿಂಗಳ ದುಡ್ಡನ್ನೂ ತಮ್ಮ ಪೆನ್ಷನ್‌ನಿಂದ ನಮ್ಮ ಮೊಮ್ಮಗನ ಕೈಯಲ್ಲಿ ಕಳಿಸಿ ಆಗಿತ್ತು. ನಾನು ಏನು ಮಾತಾಡುವುದು? ಚೀಲ ತೆಗೆದುಕೊಂಡೆ.

ಆ ಮೇಲೆ ಒಂದು ಬದಲಾವಣೆ ಆಗಿದೆ. ಶುಕ್ರವಾರ ರಾತ್ರಿ ಈಗ ಇದ್ದದ್ದು ಇದ್ದ ಹಾಗೆ ಮೆಸೇಜ್ ಬರುತ್ತದೆ: "ಬೀನ್ಸ್ ಮಂಡಿಗೆ ಹಾಕಿದ್ದೀವಿ. ಈ ವಾರ ಸೋರೆಕಾಯಿ ಜಾಸ್ತಿ." ಓದಿ ಒಂದು ಸಲ ಸಿಟ್ಟು ಬರುತ್ತದೆ, ಆದರೆ ಮೋಸ ಹೋದೆ ಅನ್ನಿಸುವುದಿಲ್ಲ. ಬೆಂಡೆಕಾಯಿ ಮಾತ್ರ ಇವತ್ತಿಗೂ ಒಂದು ದಿನ ತಡವಾಗಿ ಕೀಳುತ್ತಾರೆ, ಅರ್ಧ ಬಲಿತಿರುತ್ತದೆ. ಹತ್ತು ಸಲ ಹೇಳಿದ್ದೇನೆ. ಊರಿಗೆ ಹೋದ ವಾರದ ಚೀಲಕ್ಕೆ ದುಡ್ಡು ವಾಪಸ್ ಇಲ್ಲ, ಪಕ್ಕದ ಮನೆಗೆ ಕೊಡಿ ಅನ್ನುತ್ತಾರೆ.

ಒಬ್ಬರೇ ಇರುವವರಿಗೆ, ಸೊಪ್ಪು ಸೋಸಲು ಪುರುಸೊತ್ತಿಲ್ಲದವರಿಗೆ ಇದು ಬೇಡ, ಅರ್ಧ ಕೊಳೆತು ಹೋಗುತ್ತದೆ. ನಾಲ್ಕು ಜನರ ಮನೆ, ಎರಡು ಹೊತ್ತು ಮನೆ ಅಡುಗೆ ಅಂದರೆ ಮೂರು ತಿಂಗಳು ನೋಡಿ, ಆದಷ್ಟು ಜೂನ್‌ನಲ್ಲಿ ಸೇರಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಆ ಟೊಮೆಟೊ ಸುಳ್ಳಿಗೆ ಕಳೆದದ್ದು, ಅದನ್ನು ವಾಪಸ್ ಕೊಡುವ ಮನಸ್ಸು ಇನ್ನೂ ಬಂದಿಲ್ಲ. ಅರ್ಧ ಬೆಂಡೆಕಾಯಿಗೆ.